ಎಳೆ ಎಣಿಸುವ ಕಣ್ಣು

ಕಣ್ಣಿನ ಪೊರೆಯ ಆಪರೇಶನ್ನಿಗೆ ಈಗ ಯಾರೂ ಹೆದರುವುದಿಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ಎಷ್ಟೋ ಕಡೆ ಚುಚ್ಚುಮದ್ದು ಕೂಡ ಇಲ್ಲ, ಬರೀ ಹನಿ ಹಾಕಿಯೇ ಕಣ್ಣಿಗೆ ಜೋಮು ಹಿಡಿಸುತ್ತಾರೆ. 'ಅದೂ ಒಂದು ಆಪರೇಶನ್ನೇನ್ರೀ? ಹಲ್ಲು ಕೀಳಿಸಿಕೊಂಡಷ್ಟೂ ತ್ರಾಸಿಲ್ಲ' ಎಂದು ನನಗೆ ಧೈರ್ಯ ಹೇಳಿದವರು ಕಡಿಮೆಯೆಂದರೂ ಹದಿನೈದು ಜನ. ಆದರೆ ಒಂದು ಮಾತಿದೆ. ಹಾಗೆ ಹೇಳಿದವರಿಗೆಲ್ಲ ಎರಡೆರಡು ಕಣ್ಣುಗಳಿದ್ದವು. ನನಗಿರುವುದು ಒಂದೇ. ಎಡಗಣ್ಣು ನೋಡುವವರಿಗೆ ನೆಟ್ಟಗೇ ಕಾಣುತ್ತದೆ, ಚಿಕ್ಕಂದಿನಿಂದ ಅದು ಸೋಮಾರಿ. ಇದು ನಾನು ಬೈದದ್ದಲ್ಲ, ಡಾಕ್ಟರರೇ ಅದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಬೆಳಕು, ನೆರಳು, ಬಂದವರು ಗಂಡಸೋ ಹೆಂಗಸೋ ಎಂಬಷ್ಟು ಅದಕ್ಕೆ ತಿಳಿಯುತ್ತದೆ. ಅರವತ್ತೈದು ವರ್ಷ ಬಲಗಣ್ಣೇ ಇಬ್ಬರ ದುಡಿಮೆ ದುಡಿದಿದೆ. ಈಗ ಅದಕ್ಕೇ ಪೊರೆ ಬಂದು ಕೂತಿತು.

ನಮ್ಮ ಆಯಿಗೆ ಪೊರೆ ತೆಗೆದವರು ಡಾಕ್ಟರ್ ಎಂ. ಸಿ. ಮೋದಿ. ಬೀಳಗಿಯ ಈ ಮಹಾನುಭಾವರು ಊರೂರು ತಿರುಗಿ, ಶಾಲೆಯಲ್ಲಿ, ಛತ್ರದಲ್ಲಿ ಶಿಬಿರ ಹೂಡಿ, ಸಾಲಾಗಿ ಮಲಗಿಸಿದ ಜನರ ಕಣ್ಣು ತೆರೆಸಿದ್ದನ್ನು ನಮ್ಮ ಕಡೆಯ ಹಳಬರು ಇನ್ನೂ ಹೇಳುತ್ತಾರೆ. ಅವರು ತೀರಿಕೊಂಡದ್ದು 2005ರಲ್ಲಿ. ಆ ಕಾಲಕ್ಕೆ ಪೊರೆ ಬಂದ ಮಣಿಯನ್ನು ತೆಗೆದುಹಾಕುತ್ತಿದ್ದರೇ ಹೊರತು ಅದರ ಜಾಗಕ್ಕೆ ಬೇರೆ ಕೂಡಿಸುವುದು ನಮ್ಮಂಥವರ ಪಾಲಿಗೆ ಇರಲಿಲ್ಲ. ಹಾಗೆ ನೋಡಿದರೆ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರರು 1949ರಲ್ಲಿಯೇ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಿದ್ದರು. ಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರುಗಳು ಕಣ್ಣಿಗೆ ಹೊಕ್ಕ ಪೈಲಟ್‌ಗಳಲ್ಲಿ ಆ ಚೂರು ಕಣ್ಣಿಗೆ ಉಪದ್ರವ ಕೊಡದೆ ಸುಮ್ಮನೆ ಇದ್ದದ್ದನ್ನು ಕಂಡು ಅವರಿಗೆ ಆ ವಿಚಾರ ಹೊಳೆಯಿತಂತೆ. ಅದು ಲಂಡನ್ನಿನಿಂದ ನಮ್ಮ ಹಳ್ಳಿಗೆ ಬರುವವರೆಗೆ ನಮ್ಮ ಆಯಿ ಸೋಡಾ ಬಾಟಲಿಯ ತಳದಂಥ ಚಷ್ಮಾ ಹಾಕಿಕೊಂಡೇ ಕಾಲ ಕಳೆದಳು. ಆ ಚಷ್ಮಾದೊಳಗೆ ಅವಳ ಕಣ್ಣು ದನದ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಾವು ಮಕ್ಕಳು ಹೆದರುತ್ತಿದ್ದೆವು.

ನನಗೆ ಪೊರೆ ಬಂದದ್ದು ಗೊತ್ತಾದದ್ದು ಪೇಪರ್ ಓದುವಾಗಲ್ಲ, ಟೀವಿ ನೋಡುವಾಗಲೂ ಅಲ್ಲ. ಕರಿ ಬಟ್ಟೆಯ ಎಳೆ ಎಣಿಸುವಾಗ. ನಾನು ಕಸೂತಿ ಹಾಕುವವಳು. ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಂಡು ಹಾಕಿದರೆ ಅದು ಕಸೂತಿಯಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ ಅಂಬಾರಿ, ತುಳಸಿ ವೃಂದಾವನ ಎಬ್ಬಿಸಬೇಕು. ನಾಲ್ಕೆಳೆ ಎತ್ತು, ನಾಲ್ಕೆಳೆ ಬಿಡು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಮೇಲೂ ಕೆಳಗೂ ಚಿತ್ರ ಒಂದೇ ಸಮ ಬರಬೇಕು. ಈಗ ಮಷೀನಿನಲ್ಲಿ ಹಾಕಿ ಕಸೂತಿ ಸೀರೆ ಎಂದು ಮಾರುವವರಿದ್ದಾರೆ. ಸೆರಗು ತಿರುವಿ ನೋಡಿದರೆ ಸಾಕು, ಬಣ್ಣ ಬಯಲಾಗುತ್ತದೆ.

ಆ ಕರಿ ಬಟ್ಟೆ ನಮ್ಮ ಅವ್ವನದು. ಹಿಂದೆ ನಮ್ಮ ಕಡೆ ಮದುಮಗಳ ಸೀರೆಗಳಲ್ಲಿ ಕಸೂತಿ ಹಾಕಿದ ಚಂದ್ರಕಾಳಿ ಒಂದು ಇರಬೇಕಿತ್ತು, ಕರಿಯ ಸೀರೆ. ನನ್ನ ತಮ್ಮನ ಮಗಳು ಹುಟ್ಟಿದಾಗ ಅವ್ವ 'ಇವಳ ಮದುವಿಗೆ' ಎಂದು ಅಂಥದೊಂದನ್ನು ಹಿಡಿದಳು. ಮುಗಿಯಲಿಲ್ಲ. 2009ರಲ್ಲಿ ಅವ್ವ ಹೋದಳು, ಸೀರೆ ನನ್ನ ಟ್ರಂಕಿಗೆ ಬಂತು. ಈಗ ಆ ಹುಡುಗಿಗೆ ಮದುವೆ ಗೊತ್ತಾಗಿದೆ, ವೈಶಾಖದಲ್ಲಿ. ನಿಶ್ಚಯದ ದಿನ ವೈನಿ ಸಹಜವಾಗಿ ಕೇಳಿದಳು, 'ಅತ್ತಿಯವರ ಆ ಸೀರಿ ಎಲ್ಲೈತ್ರಿ?' ಮನೆಗೆ ಬಂದು ಟ್ರಂಕು ತೆಗೆದು, ಕಿಟಕಿಯ ಹತ್ತಿರ ಕೂತು, ಎಳೆ ಎಣಿಸಲು ನೋಡಿದೆ. ಎಳೆಗಳೇ ಇರಲಿಲ್ಲ. ಮಸಿ ಚೆಲ್ಲಿದ ಹಾಗೆ ಬರೀ ಕಪ್ಪು.

ಆಪರೇಶನ್ನಿನ ಮಾತು ಹೆಚ್ಚೇನಿಲ್ಲ. ದೊಡ್ಡ ಬೆಳಕು, ಕಣ್ಣಲ್ಲಿ ನೀರಿನ ತಂಪು, 'ಅಲುಗಾಡಬ್ಯಾಡ್ರಿ' ಎಂಬ ದನಿ, ಮುಗಿಯಿತು. ತ್ರಾಸಾದದ್ದು ಆಮೇಲೆ. ಬಲಗಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು, ಮರುದಿನ ಬಿಚ್ಚುತ್ತೇವೆ ಎಂದು. ಬೇರೆಯವರಾದರೆ ಇನ್ನೊಂದು ಕಣ್ಣಿನಿಂದ ಟೀವಿ ನೋಡುತ್ತಾರೆ. ನನಗೆ ಅದೊಂದು ರಾತ್ರಿ ಕುರುಡರ ಬಾಳು. ನೀರಿನ ತಂಬಿಗೆ ಎಲ್ಲಿದೆ ಎಂದು ಕೈಯಿಂದ ಹುಡುಕಬೇಕು. ನಾಳೆ ಪಟ್ಟಿ ಬಿಚ್ಚಿದಾಗ ಏನೂ ಕಾಣದಿದ್ದರೆ? ಈ ಪ್ರಶ್ನೆಯನ್ನು ನಾನು ಬಾಯಿ ಬಿಟ್ಟು ಯಾರಿಗೂ ಕೇಳಲಿಲ್ಲ. ಕೇಳಿದರೆ ಆ ಹದಿನೈದು ಜನರ ಧೈರ್ಯ ಮತ್ತೊಮ್ಮೆ ಕೇಳಬೇಕಾಗುತ್ತಿತ್ತು.

ನಿದ್ದೆ ಬರಲಿಲ್ಲ. ಆಗ ಗೋಪುರ ಹಾಕಲು ಶುರು ಮಾಡಿದೆ, ತಲೆಯಲ್ಲಿ. ಗವಂತಿಯ ಲೆಕ್ಕ ಊರು ಸುತ್ತಿ ಮನೆಗೆ ಬರುವ ಲೆಕ್ಕ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಅಡ್ಡ ಓಣಿ ಬಂದರೆ ಒಳಗೆ ಹೊಕ್ಕು ತುದಿ ಮುಟ್ಟಿ, ಬಿಟ್ಟ ಜಾಗ ತುಂಬುತ್ತ ಅದೇ ಓಣಿಯಿಂದ ಹೊರಗೆ ಬರಬೇಕು. ದೊಡ್ಡ ಹಾದಿಯ ಕೊನೆ ಮುಟ್ಟಿದ ಮೇಲೆ ಹೊರಳಿ, ಹೋಗುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬರಬೇಕು. ಒಂದು ಓಣಿ ಮರೆತರೆ ಮರಳಿ ಹೋಗಲು ದಾರಿಯಿಲ್ಲ. ಸೂಜಿ ಹಿಡಿಯುವ ಮುಂಚೆಯೇ ಇಡೀ ಪಯಣ ತಲೆಯಲ್ಲಿರಬೇಕು, ಅದಕ್ಕೆ ಕಣ್ಣು ಬೇಕಾಗಿಯೇ ಇಲ್ಲ. ಎರಡು ಗಂಟೆಯ ಸುಮಾರಿಗೆ ಇವರು, 'ಎಚ್ಚರ ಅದೀಯೇನು?' ಎಂದರು. 'ಗೋಪುರ ಹತ್ತಾಕತ್ತೇನಿ' ಎಂದೆ. ಔಷಧದ ಅಮಲು ಎಂದುಕೊಂಡರೋ ಏನೋ, ಹೊದಿಕೆ ಸರಿಮಾಡಿ ಮಲಗಿದರು.

ಮರುದಿನ ಪಟ್ಟಿ ಬಿಚ್ಚಿದಾಗ ಕಂಡದ್ದು ಡಾಕ್ಟರರ ಬಿಳಿ ಕೋಟು. ಅಂಥ ಬಿಳುಪು ಇರುತ್ತದೆಂಬುದೇ ಮರೆತುಹೋಗಿತ್ತು. ವಯಸ್ಸಾದಂತೆ ಕಣ್ಣಿನ ಮಣಿ ಹಳದಿಗೆ ತಿರುಗಿ ನೀಲಿಯನ್ನು ಒಳಗೆ ಬಿಡುವುದಿಲ್ಲವಂತೆ. ಹೊಸ ಮಣಿಗೆ ಆ ಅಡ್ಡಿಯಿಲ್ಲ. ಮನೆಗೆ ಬಂದವಳೇ ಅವ್ವನ ರೇಶಿಮೆ ದಾರದ ಡಬ್ಬಿ ತೆಗೆಸಿದೆ. ಕೆಂಪು, ಕಿತ್ತಳೆ, ಹಸಿರು, ಬಿಳಿ ಇದ್ದದ್ದು ಗೊತ್ತಿತ್ತು. ಇಷ್ಟು ದಿನ ಬೂದಿ ಬಣ್ಣದ ಹಾಗೆ ಕಾಣುತ್ತಿದ್ದ ಒಂದು ಲಡಿ ನೇರಳೆ ಹಣ್ಣಿನ ಬಣ್ಣ ತಳೆದು ಕೂತಿತ್ತು. ಅವ್ವ ಆನೆಯ ಜೂಲಕ್ಕೆಂದು ತೆಗೆದಿಟ್ಟ ಬಣ್ಣ ಅದೇ ಇರಬೇಕು.

ಆದರೆ ಹೊಲಿಯುವುದು? ಹೊಸ ಮಣಿ ದೂರದ್ದಕ್ಕೆ. ಎದುರು ಮನೆಯ ತಂತಿಯ ಮೇಲಿನ ಗುಬ್ಬಿ ಕಾಣುತ್ತದೆ, ಅನ್ನದೊಳಗಿನ ಹರಳು ಕಾಣುವುದಿಲ್ಲ. ಕಣ್ಣು ಮಾಯ್ದು ನಂಬರು ನಿಂತ ಮೇಲೆ, ಒಂದೂವರೆ ತಿಂಗಳಿಗೆ ಹತ್ತಿರದ ಚಷ್ಮಾ. ಅಲ್ಲಿಯವರೆಗೆ ಬಗ್ಗಬೇಡಿ, ಭಾರ ಎತ್ತಬೇಡಿ, ತಲೆಗೆ ನೀರು ಬೇಡ, ಒಲೆಯ ಹೊಗೆ ಬೇಡ, ಹೊತ್ತು ಹೊತ್ತಿಗೆ ಹನಿ. ಹೆಂಗಸರಿಗೆ ಇಷ್ಟೆಲ್ಲ ಬೇಡ ಎಂದ ಮೇಲೆ ಉಳಿಯುವುದೇನು? ಯೋಚನೆ ಮಾಡುವುದು.

ಮೊಮ್ಮಗನನ್ನು ಹಿಡಿದೆ. ಚೌಕಳಿ ಹಾಳೆಯ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ನಾನು ಹೇಳಿದ ಹಾಗೆ ಗೆರೆ ಎಳೆಯಬೇಕು, ಹಾಳೆಗೆ ಐದು ರೂಪಾಯಿ. ಬಲಕ್ಕೆ ಎರಡು, ಮೇಲೆ ಎರಡು, ಅಡ್ಡ ಮೂಲೆಗೆ ಒಂದು. ಅರ್ಧ ತೇರು ಎದ್ದಾಗ, 'ಆಯಿ, ಇದು ಗೇಮಿನಾಗಿನ ಹಾದಿ ಇದ್ದಂಗ ಐತಲ್ಲ! ಇಷ್ಟೆಲ್ಲಾ ಯಾವಾಗ ನೋಡಿ ಇಟ್ಕೊಂಡಿ?' ಎಂದ. ಮೂರನೆಯ ಹಾಳೆಗೆ ದರ ಹತ್ತು ರೂಪಾಯಿಗೆ ಏರಿಸಿದ ಎಂಬುದು ಬೇರೆ ಮಾತು. ಗೋಡೆಗೆ ಅಂಟಿಸಿದ ಹಾಳೆಗಳನ್ನು ನಾನು ದೂರ ಕೂತು ನೋಡುತ್ತಿದ್ದೆ. ದೂರದ್ದು ಕಾಣುತ್ತಿತ್ತಲ್ಲ.

ಬೆರಳು ಸುಮ್ಮನಿರಬೇಕಲ್ಲ, ಅದಕ್ಕೆ ಉಲನ್. ಹತ್ತನೆಯ ನಂಬರಿನ ಕಡ್ಡಿ, ನಲವತ್ತು ಮನೆ, ಎರಡೂ ಕಡೆ ಸೀದಾ. ಇದಕ್ಕೂ ಕಣ್ಣು ಬೇಡ. ಮನೆ ಜಾರಿದರೆ ಹೆಬ್ಬೆರಳಿಗೇ ತಿಳಿಯುತ್ತದೆ. ಉಲನ್ ಮೃದು, ಕ್ಷಮಿಸುವ ಗುಣದ್ದು. ಎಳೆದು ಬಿಚ್ಚಿದರೆ ಮತ್ತೆ ಉಂಡೆ, ಮತ್ತೆ ಮೊದಲಿನಿಂದ. ಧಾರವಾಡದ ಚಳಿಗೆ ಮಫ್ಲರ್ ಬೇಕೇ ಎಂದು ಇವರು ಗೊಣಗಿದರು. ಕೊರಳಿಗೆ ಬಂದ ಮೇಲೆ ಬೆಳಗಿನ ತಿರುಗಾಟಕ್ಕೆ ಅದನ್ನು ಬಿಟ್ಟು ಹೋಗುತ್ತಿಲ್ಲ.

ಚಷ್ಮಾ ಬಂದ ದಿನ ಕೈ ತೊಳೆದುಕೊಂಡು, ತೊಡೆಯ ಮೇಲೆ ಬಿಳಿ ಟವಲ್ ಹಾಸಿ ಅದರ ಮೇಲೆ ಕರಿ ಸೀರೆ ಇಟ್ಟುಕೊಂಡೆ. ಕೆಳಗೆ ಬಿಳಿ ಇದ್ದರೆ ಎಳೆಯ ಸಂದು ಕಾಣುತ್ತದೆ. ಒಂದು, ಎರಡು, ಮೂರು, ನಾಲ್ಕು. ಇದ್ದವು. ಎಲ್ಲಾ ಇದ್ದವು. ಸ್ವಲ್ಪ ಹೊತ್ತು ಬರೀ ಎಣಿಸುತ್ತ ಕೂತೆ.

ಆಮೇಲೆ ಅವ್ವ ನಿಲ್ಲಿಸಿದ ಜಾಗ ಹುಡುಕಿದೆ. ಎರಡು ಆನೆ, ಒಂದು ತೇರು ಬಾಕಿ ಎಂದುಕೊಂಡಿದ್ದೆ. ಎರಡನೆಯ ಆನೆ ಪೂರಾ ಬಾಕಿಯಿರಲಿಲ್ಲ. ಬೆನ್ನು, ಸೊಂಡಿಲು, ಮುಂಗಾಲು ಎಲ್ಲವೂ ಚುಕ್ಕಿ ಚುಕ್ಕಿಯಾಗಿ ಇದ್ದವು, ಒಂದು ಹೊಲಿಗೆ ಬಿಟ್ಟು ಒಂದು. ಮಸುಕುಗಣ್ಣಿಗೆ ಅದು ಸಿಕ್ಕಿರಲೇ ಇಲ್ಲ. ಅವ್ವ ಬಾಲದಿಂದ ಹೊರಟು ಸೊಂಡಿಲಿನ ತುದಿಯವರೆಗೆ ಹೋಗಿದ್ದಳು, ಮರಳಿರಲಿಲ್ಲ. ಸೂಜಿ ಕಳಚಿದ ದಾರ ಒಂದು ಗೇಣು ಹಾಗೇ ಇಳಿಬಿದ್ದಿತ್ತು. ಬೆರಳಿಗೆ ಸುತ್ತಿ ನೋಡಿದೆ, ಹದಿನೈದು ವರ್ಷಕ್ಕೂ ಹಳೆಯ ರೇಶಿಮೆ ಪಟ್ಟನೆ ಮುರಿಯಿತು. ಗೋಡೆಯ ಮೇಲಿನ ಮೊಮ್ಮಗನ ಆನೆಯನ್ನು ನೋಡಿದೆ. ನಾನು ಹೇಳಿ ಬರೆಸಿದ ಹಾದಿ ಸೊಂಡಿಲಿನಿಂದ ಬಾಲಕ್ಕೆ, ಅವ್ವನದು ಬಾಲದಿಂದ ಸೊಂಡಿಲಿಗೆ. ಲೆಕ್ಕ ಕೂಡಿತು. ಹೊಸ ದಾರ ಪೋಣಿಸಿ ಸೊಂಡಿಲಿನ ತುದಿಯಿಂದ ಹಿಡಿದೆ.

ದಿನಕ್ಕೆ ಒಂದು ತಾಸು, ಬೆಳಗಿನ ಬಿಸಿಲಿನಲ್ಲಿ ಮಾತ್ರ. ಡಾಕ್ಟರರು ಹಾಗಂದಿದ್ದಾರೆ. ನಿನ್ನೆ ಮುಂಗಾಲು ದಾಟಿ ಹೊಟ್ಟೆಗೆ ಬಂದಿದ್ದೇನೆ. ತೇರು ಆಗದಿದ್ದರೆ ಮದುವೆಯ ನಂತರ ಹಾಕಿಕೊಡುತ್ತೇನೆ ಎಂದು ವೈನಿಗೆ ಫೋನಿನಲ್ಲಿ ಹೇಳಿದ್ದೇನೆ. ಜೂಲಕ್ಕೆ ಮಾತ್ರ ನೇರಳೆಯೇ.