ಏರಿಸೋದಾ, ಸುಮ್ಮನೆ ಕಟ್ಟೋದಾ?

ಇಸ್ಪೀಟಿನ ಬಗ್ಗೆ ಬರೀತಿದ್ದೀನಿ ಅಂದಕೂಡಲೇ "ಬ್ಯಾಂಕಿನವರಿಗೆ ಇದೇನಪ್ಪಾ ಚಟ" ಅಂತ ಹುಬ್ಬೇರಿಸಬೇಡಿ. ಊರಲ್ಲಿದ್ದಾಗ ಕಲಿತದ್ದು ಇಪ್ಪತ್ತೆಂಟು, ರಮ್ಮಿ. ಮುಂಬಯಿಗೆ ಬಂದಮೇಲೆ ಸೊಸೈಟಿಯಲ್ಲಿ ದೀಪಾವಳಿ ರಾತ್ರಿಗಳ ತೀನ್ ಪತ್ತಿ. ಈಚೆಗೆ ಮಕ್ಕಳ ದಯೆಯಿಂದ ಪೋಕರ್. ನಾವು ಕಟ್ಟೋದು ಹುಣಿಸೇಬೀಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಿತು, ಒಳ್ಳೇದೇ ಆಯ್ತು.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ರತಿಯೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡು ಎಲೆ. ಮಧ್ಯೆ ಎಲ್ಲರಿಗೂ ಸೇರಿದ ಐದು: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ಆರಿಸಿಕೊಳ್ಳಬೇಕು. ಎದುರಿನವರು ಕಟ್ಟಿದಷ್ಟೇ ಕಟ್ಟಿದರೆ ಕಾಲ್, ಏರಿಸಿದರೆ ರೇಸ್, ಎಲೆ ಕೆಳಗಿಟ್ಟು ಕೈ ಮುಗಿದರೆ ಫೋಲ್ಡ್.

ಈಗ ನೋಡಿ, ನನ್ನ ಕೈಯಲ್ಲಿ ಆಟೀನ್ ಗುಲಾಮ, ಆಟೀನ್ ಹತ್ತು. ಮಧ್ಯೆ ಬಿದ್ದದ್ದು ಇಸ್ಪೀಟ್ ರಾಜ, ಆಟೀನ್ ಆರು, ಆಟೀನ್ ಎರಡು. ಸದ್ಯಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ಇನ್ನೊಂದು ಆಟೀನ್ ಬಿದ್ದರೆ ಫ್ಲಶ್! ಕಾಣದ ಎಲೆ 47, ಅದರಲ್ಲಿ ಆಟೀನ್ 9. ಬರಲಿರುವ ಎರಡು ಎಲೆಯಲ್ಲಿ ಒಂದಾದರೂ ಆಟೀನ್ ಆಗುವ ಸಾಧ್ಯತೆ ಸುಮಾರು 35 ಪರ್ಸೆಂಟ್. ಮುಂದಿನ ಒಂದೇ ಎಲೆಗೆ ಬರೀ 19. ಇದನ್ನೇ ಡ್ರಾ ಅನ್ನೋದು. ಕೈಯಲ್ಲಿ ಕಾಸಿಲ್ಲ, ಆದರೆ ಬರಬೇಕಾದ ಬಾಕಿ ಇದೆ ಅನ್ನೋ ಹಾಗೆ.

ಮಧ್ಯೆ 300 ಬೀಜ ಇತ್ತು, ಎದುರಿನವರು 200 ಕಟ್ಟಿದರು ಅನ್ನಿ. ನನ್ನ ಹತ್ತಿರ 800 ಇದೆ, ಪೂರ್ತಿ ತಳ್ಳಿದೆ. ಅವರು ಹೆದರಿ ಎಲೆ ಕೆಳಗಿಟ್ಟರೆ ಆ 500 ನನ್ನದು, ಆಟೀನ್ ಬರಲೇಬೇಕಾಗಿಲ್ಲ. ಅವರೂ ಸರಿಸಮ ಕಟ್ಟಿದರೆ ಒಟ್ಟು 1,900. ಅದರಲ್ಲಿ ನನ್ನ ಪಾಲು 35 ಪರ್ಸೆಂಟ್, ಅಂದರೆ 665. ಕಟ್ಟಿದ್ದು 800. ಸರಾಸರಿ 135 ನಷ್ಟ. ಬಿಕಾಂ ಲೆಕ್ಕದಲ್ಲಿ ಹೇಳೋದಾದರೆ, ಅವರು ಐದು ಸಲಕ್ಕೆ ಒಂದಕ್ಕಿಂತ ತುಸು ಹೆಚ್ಚು ಹೆದರಿದರೂ ಸಾಕು, ಏರಿಸಿದ್ದು ಗಿಟ್ಟುತ್ತೆ. ಗೆಲ್ಲೋಕೆ ಎರಡು ದಾರಿ ಆಯ್ತಲ್ಲ: ಎಲೆ ಬರಬಹುದು, ಇಲ್ಲವೇ ಎದುರಿನವರು ಬಿಡಬಹುದು. ಇದಕ್ಕೆ ಸೆಮಿ ಬ್ಲಫ್ ಅಂತ ಹೆಸರಿಟ್ಟವರು ಅಮೆರಿಕದ ಡೇವಿಡ್ ಸ್ಕ್ಲಾನ್ಸ್ಕಿ.

ಆದರೆ ಎದುರಿಗೆ ಯಾರಿದ್ದಾರೆ? ಎರಡನೇ ಮಹಡಿಯ ವಕೀಲರಾದರೆ ನಾಲ್ಕು ಸಲಕ್ಕೆ ಎರಡು ಸಲ ಎಲೆ ಇಟ್ಟುಬಿಡ್ತಾರೆ. ಅವರಿಗೆ ಏರಿಸಬೇಕು. ಕೆಳಗಿನ ಮನೆಯ ರೈಲ್ವೆ ಕಾಕಾ? ಎಷ್ಟು ತಳ್ಳಿದರೂ "ಬಘೂಯಾ!" ಅಂತ ಕಟ್ಟೇ ಕಟ್ತಾರೆ, ನೋಡೇಬಿಡೋಣ ಅಂತ. ಅವರ ಮುಂದೆ ನನ್ನ ಎರಡನೇ ದಾರಿ ಮುಚ್ಚಿಹೋಯ್ತು. ಅಲ್ಲಿ 200 ಕಟ್ಟಿ ಸುಮ್ಮನಿರೋದೇ ಜಾಣತನ. ಆ 200ಕ್ಕೆ ಸಿಗುವ 19 ಪರ್ಸೆಂಟ್ ಅಷ್ಟೇ ಸಾಲದು, ನಿಜ. ಫ್ಲಶ್ ಬಂದಮೇಲೆ ಇನ್ನೂ ಸುಮಾರು 345 ಬೀಜ ಅವರಿಂದ ಬಂದರೆ ಲೆಕ್ಕ ಸರಿಹೋಗುತ್ತೆ. ಬಿಡದ ಕಾಕಾ ಆಗಲೂ ಬಿಡೋದಿಲ್ಲವಲ್ಲ, ಕೊಟ್ಟೇ ಕೊಡ್ತಾರೆ!

"ಗಾಳಿ ಬಂದಾಗ ತೂರಿಕೋ" ಅನ್ನೋದೂ ನಮ್ಮದೇ ಗಾದೆ, "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋದೂ ನಮ್ಮದೇ. ಯಾವುದು ಯಾವಾಗ ಅನ್ನೋದನ್ನ ನಮ್ಮ ಕೈಯ ಎಲೆ ಹೇಳೋಲ್ಲ. ಎದುರು ಕೂತವರ ಮುಖ ಹೇಳುತ್ತೆ.

ಈ ಮಾತು ಮನೆಯಲ್ಲೇ ಬೇಕಾಗಿ ಬಂತು. ಮಗಳು ಕೆಲಸದ ಜೊತೆಗೆ ದೋಸೆಹಿಟ್ಟಿನ ವ್ಯಾಪಾರ ಶುರುಮಾಡಿದ್ದಾಳೆ. ಮೂರು ಅಂಗಡಿಗೆ ದಿನಾ ಹೋಗುತ್ತೆ. ದೊಡ್ಡ ಅಂಗಡಿಯವರೊಬ್ಬರು "ತಗೋಬಹುದು, ನೋಡೋಣ" ಅಂದಿದ್ದಾರೆ. ಒಳ್ಳೇ ಡ್ರಾ! ಅವಳಿಗೆ ಕೆಲಸ ಬಿಟ್ಟು, ನಮ್ಮ ಫ್ಲಾಟ್ ಅಡವಿಟ್ಟು, ಹನ್ನೆರಡು ಲಕ್ಷ ಸಾಲ ತೆಗೆದು ಗ್ರೈಂಡರ್, ಕೋಲ್ಡ್ ರೂಮ್ ಹಾಕಿಸುವ ಆಸೆ. "ಅಪ್ಪಾ, ನೀವೇ ಹೇಳ್ತೀರಲ್ಲ, ಬರೀ ಕಾಲ್ ಮಾಡ್ತಾ ಕೂತ್ರೆ ಬೀಜ ಕರಗುತ್ತೆ ಅಂತ."

ಸಾಲದ ಫೈಲು ನೋಡಿ ನೋಡಿ ಕಣ್ಣು ಮಂಜಾದವನು ನಾನು. ಹೇಳಿದೆ: "ಪುಟ್ಟಿ, ಸಾಲ ತೆಗೆದು ಏರಿಸಿದರೆ ಹೆದರಿ ಎಲೆ ಇಡೋರು ಯಾರು? ಬಡ್ಡಿ ಹೆದರುತ್ತಾ? ಕಂತಿನ ತಾರೀಖು ಹೆದರುತ್ತಾ? ಅವೆಲ್ಲಾ ನಮ್ಮ ರೈಲ್ವೆ ಕಾಕಾ ಇದ್ದ ಹಾಗೆ. ಅಲ್ಲಿ ಆಟೀನ್ ಬಂದರೆ ಮಾತ್ರ ಗೆಲುವು. ದೀಪಾವಳೀಲಿ ಒಂದಾಟ ಹೋದರೆ ಇನ್ನೊಂದು ಹಂಚ್ತಾರೆ. ಅಡವಿಟ್ಟ ಮನೆಯನ್ನ ಯಾರು ಹಂಚ್ತಾರೆ?"

ಅವಳ ಮುಖ ಸಪ್ಪಗಾಯ್ತು. ಅದಕ್ಕೇ ಇನ್ನೊಂದು ಮಾತು ಸೇರಿಸಿದೆ: "ಏರಿಸಲೇಬೇಕಾದರೆ ಮನುಷ್ಯರ ಎದುರು ಏರಿಸು. ಅಂಗಡಿಯವರು ತಿಂಗಳುಗಟ್ಟಲೆ ಉದ್ರಿ ಇಡ್ತಾರಲ್ಲ, ಅವರನ್ನ ಮುಂಗಡ ಕೇಳು."

ಕೇಳಿದಳು. ಮೂವರಲ್ಲಿ ಇಬ್ಬರು ಒಪ್ಪಿದರು, ಒಬ್ಬರು ಹಿಟ್ಟೇ ಬೇಡ ಅಂದರು. ಆ ಮುಂಗಡಕ್ಕೆ ತನ್ನ ಉಳಿತಾಯ ಸೇರಿಸಿ ಒಂದು ಸೆಕೆಂಡ್‌ಹ್ಯಾಂಡ್ ಗ್ರೈಂಡರ್ ತಂದಿದ್ದಾಳೆ. ಕೆಲಸ ಬಿಟ್ಟಿಲ್ಲ. ಬೆಳಗ್ಗೆ ನಾಲ್ಕಕ್ಕೆ ಅದರ ಸದ್ದಿಗೇ ನಮಗೆ ಎಚ್ಚರ. ದೊಡ್ಡ ಅಂಗಡಿಯವರಿಂದ ಇನ್ನೂ ಉತ್ತರ ಬಂದಿಲ್ಲ. ಬರದೇ ಹೋದರೂ ಮನೆ ನಮ್ಮದೇ, ನಾಳೆಯ ಹಿಟ್ಟೂ ನಮ್ಮದೇ. ಅವರು ಬರವಣಿಗೆಯಲ್ಲಿ ಆರ್ಡರ್ ಕೊಟ್ಟ ದಿನ ಅದು ಡ್ರಾ ಆಗಿ ಉಳಿಯೋಲ್ಲ, ಕೈಗೆ ಬಂದ ಫ್ಲಶ್. ಅವತ್ತು ಸಾಲದ ಅರ್ಜಿಯನ್ನ ನಾನೇ ತುಂಬಿಕೊಡ್ತೀನಿ ಅಂದಿದ್ದೀನಿ.

ನೀವಾಗಿದ್ದರೆ ಏನು ಮಾಡ್ತಿದ್ರಿ?