ಮೂಗುತಿ, ವಿಷದ ಬಟ್ಟಲು ಮತ್ತು ನಮ್ಮಜ್ಜಿ

ನಮ್ಮೂರು ಸಾಸ್ವೆಹಳ್ಳಿ, ಹೊನ್ನಾಳಿ ಸೀಮೆ. ಚಿಕ್ಕವನಿದ್ದಾಗ ಕರೆಂಟು ಹೋದ ರಾತ್ರಿಗಳಲ್ಲಿ ಅಂಗಳದಲ್ಲಿ ಚಾಪೆ ಹಾಸಿ ಅಜ್ಜಿ ಕಥೆ ಹೇಳೋರು. ಹತ್ತರಲ್ಲಿ ಎಂಟು ಸಲ ಪುರಂದರದಾಸರ ಕಥೆಯೇ.

ನೀವೂ ಕೇಳಿರ್ತೀರಿ. ಗಿರವಿ ವ್ಯಾಪಾರದ ಜಿಪುಣ ಶ್ರೀನಿವಾಸ ನಾಯಕ. ಮಗನ ಮುಂಜಿಗೆ ದುಡ್ಡು ಕೇಳಿ ಬರುವ ಬಡ ಬ್ರಾಹ್ಮಣ. ನಾಯಕ ತಿಂಗಳುಗಟ್ಟಲೆ ಅಲೆಸಿದ ಮೇಲೆ ಹೆಂಡತಿ ಸರಸ್ವತಿಬಾಯಿ ತನ್ನ ಮೂಗುತಿಯನ್ನೇ ಕೊಟ್ಟುಬಿಡ್ತಾಳೆ. ಆತ ಅದನ್ನೇ ತಂದು ನಾಯಕನ ಅಂಗಡಿಯಲ್ಲಿ ಗಿರವಿ ಇಡ್ತಾನೆ! ನಾಯಕ ಅದನ್ನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಬಂದು "ಎಲ್ಲಿ ಮೂಗುತಿ?" ಅಂತಾನೆ. ಆಕೆ ವಿಷ ಕುಡಿಯಲು ಬಟ್ಟಲು ಎತ್ತಿದರೆ ಅದರೊಳಗೆ ಟಣ್ ಅಂತ ಮೂಗುತಿ. ಅಂಗಡಿಯ ಪೆಟ್ಟಿಗೆ ಖಾಲಿ...

ಈ "ಟಣ್" ಅನ್ನೋದನ್ನು ಅಜ್ಜಿ ಎಷ್ಟು ಚೆನ್ನಾಗಿ ಹೇಳೋರು ಅಂದರೆ, ನಾವು ಅದಕ್ಕೇ ಕಾಯ್ತಿದ್ವಿ.

ಮುಂದೆ ಶಿವಮೊಗ್ಗಕ್ಕೆ ಕಾಲೇಜಿಗೆ ಹೋದೆ. ನಾಲ್ಕು ಪುಸ್ತಕ ಓದಿದೆ, ತಲೆ ತಿರುಗಿತು. ಮೊಜಾರ್ಟ್ ಬಗ್ಗೆಯೂ ಓದಿದೆ. 1791ರ ಡಿಸೆಂಬರ್ 5ರಂದು, 35ನೇ ವಯಸ್ಸಿಗೇ ತೀರಿಕೊಂಡ. ಸಾಲಿಯೇರಿ ವಿಷ ಹಾಕಿದ ಅಂತ ಗಾಳಿಮಾತು ಹಬ್ಬಿತು. ಪುಷ್ಕಿನ್ 1830ರಲ್ಲಿ ಅದನ್ನೇ ನಾಟಕ ಮಾಡಿದ. 1984ರ 'ಅಮೆಡಿಯಸ್' ಸಿನಿಮಾ ಅನುಮಾನವನ್ನು ಊರೂರಿಗೆ ಹಂಚಿತು. ಆದರೆ ವಿಷಕ್ಕೆ ಆಧಾರವೇ ಇಲ್ಲ. ಅಲ್ಲೂ ವಿಷ, ಇಲ್ಲೂ ವಿಷ, ಎರಡೂ ಕಟ್ಟುಕಥೆ ಅಂತ ತೀರ್ಮಾನ ಮಾಡಿಬಿಟ್ಟೆ.

ರಜೆಗೆ ಬಂದಾಗ ಅಜ್ಜಿಯ ಮುಂದೆ ಲೆಕ್ಕ ಇಟ್ಟೆ. "ದಾಸರು 4,75,000 ಪದ ಬರೆದರು ಅಂತೀಯಲ್ಲ, ಮೂವತ್ತಕ್ಕೆ ವೈರಾಗ್ಯ ಬಂದು ಎಂಬತ್ತರವರೆಗೆ ಬದುಕಿದರೂ ದಿನಕ್ಕೆ 26 ಹಾಡಾಯ್ತು. ಉಣ್ಣೋದು ಯಾವಾಗ, ಮಲಗೋದು ಯಾವಾಗ? ಈಗ ಸಿಗೋದು ಹೆಚ್ಚುಕಮ್ಮಿ ಸಾವಿರ ಅಷ್ಟೇ. ನಿನ್ನ ಮೂಗುತಿ ಕಥೆಗೂ ಆಧಾರ ಇಲ್ಲ."

ಅಜ್ಜಿ ಸಿಟ್ಟಾಗಲಿಲ್ಲ. "ಅಷ್ಟೊಂದು ಬೇಡ ಬಿಡಪ್ಪ, ನಿಂಗೆ ಬರೋದು ಒಂದು ಹಾಡು, ನೋಡಾಣ" ಅಂದರು. ನಾನು ಸುಮ್ಮನಾದೆ. ಆಮೇಲೆ ನನ್ನೆದುರು ಆ ಕಥೆ ಹೇಳಲೇ ಇಲ್ಲ.

ಅಜ್ಜಿ ಹೋಗಿ ವರ್ಷಗಳಾದವು. ಈ ಸಲ ಪುಷ್ಯ ಬಹುಳ ಅಮಾವಾಸ್ಯೆ, ಅಂದರೆ ದಾಸರ ಆರಾಧನೆ ಹತ್ತಿರ ಬಂದಾಗ ಮತ್ತೆ ಪುಸ್ತಕಗಳನ್ನು ತೆಗೆದೆ. ಹುಟ್ಟಿದ ಊರು ಪುಣೆ ಹತ್ತಿರದ ಪುರಂದರಗಡ ಅಂತ ಬಹಳ ಕಾಲ ಹೇಳ್ತಿದ್ದರು. ತೀರ್ಥಹಳ್ಳಿಯ ಆರಗದ ಸೀಮೆಯೇ ಅಂತ ಹಂಪಿ ಕನ್ನಡ ವಿಶ್ವವಿದ್ಯಾಲಯದ ತಜ್ಞರ ಸಮಿತಿ 2018ರಲ್ಲಿ ಹೇಳಿತು. ಅದು ನಿಜವಾದರೆ ದಾಸರದ್ದು ತುಂಗೆಯ ಸೀಮೆ. ಆ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ನಮ್ಮ ಹೊನ್ನಾಳಿ ದಾಟಿ ಹಂಪಿಗೆ ಹೋಗ್ತಾಳೆ. ಅಲ್ಲಿ ವಿಜಯವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯಲ್ಲೇ ಪುರಂದರ ಮಂಟಪ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಈಗಲೂ ಮುಳುಗುತ್ತೆ.

ಸಾವಿನ ತಾರೀಖಿನಲ್ಲೂ ಒಂದು ಸಂಗತಿ ಇದೆ. ಸಂಪ್ರದಾಯ ಹೇಳೋದು ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆ. ಪುಸ್ತಕಗಳು 1564 ಅಂತ ಬರೀತಾವೆ. ಆದರೆ ಯುಗಾದಿಯಿಂದ ಎಣಿಸಿದರೆ ಆ ಪುಷ್ಯ ಮುಗಿಯೋದು 1565ರ ಜನವರಿ ಮೊದಲ ವಾರದಲ್ಲಿ. ಅದೇ ಜನವರಿ 23ಕ್ಕೆ ರಕ್ಕಸತಂಗಡಿ ಯುದ್ಧ, ಆಮೇಲೆ ಹಂಪಿಯೇ ಹಾಳಾಯ್ತು. ಮಧ್ಯೆ ಮೂರೇ ವಾರ! "ದಾಸರು ಹೋದ್ರು, ಹಿಂದೇನೇ ಲಕ್ಷ್ಮಿ ಹೋದಳು" ಅಂತ ಅಜ್ಜಿ ಅನ್ನುತ್ತಿದ್ದದ್ದು ನೆನಪಾಯ್ತು. ಅವರ ಕೈಯಲ್ಲಿ ಪಂಚಾಂಗವೂ ಇರಲಿಲ್ಲ, ಇತಿಹಾಸದ ಪುಸ್ತಕವೂ ಇರಲಿಲ್ಲ.

ಹಾಗೇ ಪುಟ ತಿರುವುತ್ತಾ, ತನ್ನ ಕೈಗೆ ತಂಬೂರಿ ದಂಡಿಗೆ ಹಿಡಿಸಿದ್ದೂ ಹೆಂಡತಿ, ಗೋಪಾಳಬುಟ್ಟಿ ಹಿಡಿಸಿದ್ದೂ ಹೆಂಡತಿ ಅಂತ ದಾಸರು ಅವಳನ್ನು ಹರಸುವ ಪದ ಕಣ್ಣಿಗೆ ಬಿತ್ತು. ನೂರು ಸಲ ಕೇಳಿದ್ದೇ. ಆ ದಿನ ಮೊದಲ ಸಲ ಗಮನಿಸಿದೆ: ಅದರಲ್ಲಿ ಮೂಗುತಿ ಇಲ್ಲ, ವಿಷ ಇಲ್ಲ, ಪವಾಡ ಇಲ್ಲ. ಹೆಂಡತಿ ಇದ್ದಾಳೆ. ನಾನು ಕಟ್ಟುಕಥೆ ಅಂತ ಬಿಸಾಡಿದ್ದರಲ್ಲಿ ದಾಸರೇ ಒಪ್ಪಿಕೊಂಡ ಮಾತು ಅದೊಂದೇ.

ಒಂದು ವಿಷಯ ಹೇಳೋದು ಬಿಟ್ಟಿದ್ದೆ. ನಾನು ಕಾಲೇಜು ಸೇರಿದ ವರ್ಷದಿಂದ ಅಜ್ಜಿಯ ಮೂಗಿನಲ್ಲಿ ಬೇವಿನ ಕಡ್ಡಿ ಇತ್ತು. ಏನಜ್ಜಿ ಇದು ಅಂದರೆ "ತೂತು ಮುಚ್ಚಬಾರದಲ್ಲ" ಅನ್ನೋರು. ಮೂಗುತಿ ಗಿರವಿ ಅಂಗಡಿಗೆ ಹೋಗಿತ್ತು ಅಂತ ಅಮ್ಮ ಹೇಳಿದ್ದು ಅಜ್ಜಿ ಹೋದ ಮೇಲೆ. ನನ್ನ ಫೀಸಿಗೆ.

ಅದು ಬಿಡಿಸಿಕೊಂಡು ಬರಲೇ ಇಲ್ಲ. ಯಾವ ಬಟ್ಟಲಿಗೂ ಬೀಳಲಿಲ್ಲ.

ಮೊನ್ನೆ ಮಗಳು ಕಥೆ ಹೇಳು ಅಂದಳು. ಮೂಗುತಿ ಕಥೆಯನ್ನೇ ಹೇಳಿದೆ. ಟಣ್ ಅನ್ನೋದು ಅಜ್ಜಿಯಷ್ಟು ಚೆನ್ನಾಗಿ ಬರಲಿಲ್ಲ. "ನಿಜಾನಾ ಅಪ್ಪ?" ಅಂದಳು. "ಕೊಟ್ಟಿದ್ದು ನಿಜ" ಅಂದೆ.