ಸೇಬಿನ ಸೀಮೆಯ ಮನೆಮಾತು

ಸ್ಪೇನ್ ಎಂದೊಡನೆ ಬಿಸಿಲಿಗೆ ಬಿರಿದ ಬಯಲು, ಗೂಳಿಕಾಳಗ, ದ್ರಾಕ್ಷಿಯ ತೋಟಗಳು ಕಣ್ಣಮುಂದೆ ಬರುವುದು ವಾಡಿಕೆ. ಆ ದೇಶದ ಉತ್ತರದ ಅಂಚಿನಲ್ಲಿರುವ ಅಸ್ತೂರಿಯಾಸ್ ಸೀಮೆಗೆ ಕಾಲಿಟ್ಟವರಿಗೆ ಕಾಣುವುದು ಬೇರೆಯೇ ನೋಟ. ಒಂದು ಕಡೆ ಕಾಂತಾಬ್ರಿಯ ಸಮುದ್ರ, ಇನ್ನೊಂದು ಕಡೆ ಅದೇ ಹೆಸರಿನ ಪರ್ವತಸಾಲು. ನಡುವೆ ಮಳೆಯಲ್ಲಿ ತೊಯ್ದ ಹಸಿರು ಗುಡ್ಡಗಳು, ಮೇಯುವ ದನಗಳು, ಮನೆಯ ಮಗ್ಗುಲಲ್ಲಿ ಕಂಬಗಳ ಮೇಲೆ ನಿಂತ ಮರದ ಕಣಜಗಳು. ಕಂಬದ ತಲೆಗೂ ಕಣಜದ ತಳಕ್ಕೂ ನಡುವೆ ಒಂದು ಚಪ್ಪಟೆ ಕಲ್ಲನ್ನು ಇಟ್ಟಿರುತ್ತಾರೆ. ಇಲಿ ಮೇಲೇರದಂತೆ ಹಿರಿಯರು ಕಂಡುಕೊಂಡ ಉಪಾಯವದು.

ಇಲ್ಲಿಯ ಮುಖ್ಯ ಹಣ್ಣು ಸೇಬು. ವಿಯ್ಯಾವಿಸಿಯೋಸಾ, ನಾವಾ ಮೊದಲಾದ ಊರುಗಳ ಸುತ್ತಲಿನ ತೋಟಗಳಲ್ಲಿ ಬೆಳೆಯುವ ಸೇಬುಗಳಲ್ಲಿ ಹಲವು ಹುಳಿ, ಕೆಲವು ಸಿಹಿ, ಇನ್ನು ಕೆಲವು ಕಹಿ. ತಿನ್ನುವುದಕ್ಕಿಂತ ಹಿಂಡುವುದಕ್ಕೇ ಇವು ಹೆಚ್ಚು ಯೋಗ್ಯ. ನಮ್ಮ ಮಾವಿನ ಮರಗಳಂತೆ ಈ ಮರಗಳೂ ಒಂದು ವರ್ಷ ಮೈತುಂಬ ಫಲ ಕೊಟ್ಟು ಮರುವರ್ಷ ವಿಶ್ರಮಿಸುತ್ತವೆ. ಶರತ್ಕಾಲದಲ್ಲಿ ಆಯ್ದ ಹಣ್ಣುಗಳನ್ನು ಜಜ್ಜಿ, ದೊಡ್ಡ ಗಾಣದಲ್ಲಿ ನಿಧಾನವಾಗಿ ಹಿಂಡುತ್ತಾರೆ. ಆ ಗಾಣಕ್ಕೂ ಗಾಣವಿರುವ ಮನೆಗೂ ‘ಯಗಾರ್’ ಎಂಬ ಒಂದೇ ಹೆಸರು. ಹುಳಿ, ಸಿಹಿ, ಕಹಿಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕೆಂಬುದು ಆಯಾ ಮನೆತನದ ಅನುಭವಕ್ಕೆ ಬಿಟ್ಟ ವಿಷಯ. ರಸವು ಚಳಿಗಾಲವಿಡೀ ಚೆಸ್ಟ್‌ನಟ್ ಮರದ ಪೀಪಾಯಿಗಳಲ್ಲಿ ಹಣ್ಣಿನದೇ ಹುದುಗಿನಿಂದ ಹುಳಿತು, ವಸಂತದಲ್ಲಿ ಹಸಿರು ಸೀಸೆಗಳನ್ನು ಸೇರುತ್ತದೆ. ಇದೇ ‘ಸಿದ್ರಾ’, ಇಂಗ್ಲಿಷಿನಲ್ಲಿ ಸೈಡರ್. ಇದರಲ್ಲಿ ಮದ್ಯಾಂಶ ಸುಮಾರು ಶೇ. 6ರಷ್ಟು ಇರುವುದರಿಂದ ಇದು ದೊಡ್ಡವರ ಪಾನೀಯ.

ಸಿದ್ರಾವನ್ನು ಬಡಿಸುವ ಕ್ರಮವೇ ಒಂದು ವಿದ್ಯೆ. ಬಡಿಸುವವನು ಬಲಗೈಯಲ್ಲಿ ಸೀಸೆ ಹಿಡಿದು ತೋಳನ್ನು ತಲೆಯ ಮೇಲಕ್ಕೆ ನೆಟ್ಟಗೆ ಚಾಚುತ್ತಾನೆ. ಎಡಗೈಯ ಅಗಲ ಬಾಯಿಯ ತೆಳುಗಾಜಿನ ಲೋಟವನ್ನು ಸೊಂಟಕ್ಕಿಂತ ಕೆಳಗೆ ಓರೆಯಾಗಿ ಹಿಡಿಯುತ್ತಾನೆ. ದೃಷ್ಟಿ ಮಾತ್ರ ನೇರ ಮುಂದಕ್ಕೆ. ದಾರದಂತೆ ಇಳಿದ ಧಾರೆ ಲೋಟದ ಒಳಅಂಚಿಗೆ ಬಡಿದು ನೊರೆಯೊಡೆಯುತ್ತದೆ. ನಮ್ಮ ಚಹಾದಂಗಡಿಗಳಲ್ಲಿ ಎತ್ತರದಿಂದ ಹೊಯ್ದು ಚಹಾ ಆರಿಸುವುದನ್ನು ಕಂಡವರಿಗೆ ಈ ನೋಟ ಅಪರಿಚಿತವೆನಿಸದು. ಅಲ್ಲಿ ಉದ್ದೇಶ ಬೇರೆ: ಈ ಸಿದ್ರಾದಲ್ಲಿ ಗುಳ್ಳೆಗಳು ಕಡಿಮೆ, ಗಾಜಿಗೆ ಬಡಿದಾಗಲೇ ಅಡಗಿದ್ದ ಅನಿಲವೂ ಪರಿಮಳವೂ ಹೊರಬರುತ್ತವೆ. ಆ ಜೀವ ಕ್ಷಣಮಾತ್ರದ್ದು. ಆದ್ದರಿಂದ ಲೋಟದ ತಳದಲ್ಲಿ ಸ್ವಲ್ಪವೇ ಹೊಯ್ದು ಕೂಡಲೇ ಕುಡಿಯುತ್ತಾರೆ. ಕೊನೆಯ ಗುಟುಕನ್ನು ತುಟಿ ಸೋಕಿದ ಅಂಚಿನ ಮೇಲಿಂದಲೇ ಹೊರಚೆಲ್ಲಿ, ಅಂಚನ್ನು ತೊಳೆದು ಅದೇ ಲೋಟವನ್ನು ಪಕ್ಕದವರಿಗೆ ಕೊಡುವುದು ಹಳೆಯ ರೂಢಿ.

ಬೇಸಿಗೆಯಲ್ಲಿ ಈ ವಿದ್ಯೆಗೆ ಸ್ಪರ್ಧೆಗಳು ನಡೆಯುತ್ತವೆ. ಜುಲೈಯಲ್ಲಿ ನಾವಾ ಪಟ್ಟಣದ ಉತ್ಸವದಲ್ಲಿ ಉತ್ತಮ ಸಿದ್ರಾಕ್ಕೂ ಉತ್ತಮ ಬಡಿಸುವಿಕೆಗೂ ಬಹುಮಾನಗಳುಂಟು. ನಿಲುವು ನೇರವಾಗಿದೆಯೇ, ಪ್ರತಿ ಲೋಟಕ್ಕೂ ಸಮವಾಗಿ ಬಿದ್ದಿತೇ, ಎಷ್ಟು ಹೊರಚೆಲ್ಲಿತು ಎಂಬುದನ್ನು ತೀರ್ಪುಗಾರರು ನೋಡುತ್ತಾರೆ. ಆಗಸ್ಟ್‌ನಲ್ಲಿ ದೊಡ್ಡ ಬಂದರು ಪಟ್ಟಣದ ಕಡಲತೀರದಲ್ಲಿ ಸಾವಿರಾರು ಜನ ಸಾಲಾಗಿ ನಿಂತು ಒಂದೇ ಕ್ಷಣಕ್ಕೆ ಸಿದ್ರಾ ಹೊಯ್ಯುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪಟ್ಟಣದ ಹೆಸರು ಹಿಹೋನ್. ಸೀಮೆಯ ಮನೆಮಾತಿನಲ್ಲಿ ಶಿಶೋನ್. ಒಂದೇ ಊರಿಗೆ ಎರಡು ಹೆಸರು, ಎರಡೂ ಫಲಕದ ಮೇಲೆ. ಗಡಿನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಮಾತೇ ಅಸ್ತೂರಿಯನ್. ಸ್ಪ್ಯಾನಿಷಿನಂತೆ ಇದೂ ಲ್ಯಾಟಿನ್ನಿನಿಂದ ಹುಟ್ಟಿದ ಸ್ವತಂತ್ರ ಭಾಷೆ. ಸಿದ್ರಾದ ಕಸುಬಿನ ತುಂಬ ಇದರ ಮಾತುಗಳೇ. ಹಣ್ಣು ಜಜ್ಜುವುದು ‘ಮಾಯಾರ್’, ಹಿಂಡಿ ಉಳಿದ ಚರಟ ‘ಮಗಾಯಾ’, ಲೋಟದ ತಳದಲ್ಲಿ ಹೊಯ್ದ ಸ್ವಲ್ಪ ರಸ ‘ಕುಲೀನ್’, ಕುಡಿಯುವ ಅಂಗಡಿ ‘ಚಿಗ್ರೆ’. ಪೀಪಾಯಿಯ ರಂಧ್ರಕ್ಕೆ ಹಾಕುವ ಪುಟ್ಟ ಮರದ ಬೆಣೆ ‘ಎಸ್ಪೀಚಾ’. ಬೆಣೆ ಕಿತ್ತು ಹೊಸ ಸಿದ್ರಾದ ರುಚಿ ನೋಡಲು ನೆಂಟರಿಷ್ಟರು ಸೇರುವ ಊಟಕ್ಕೂ ಈಗ ಅದೇ ಹೆಸರು. ಮನೆಯಲ್ಲಿ ಸ್ಪ್ಯಾನಿಷ್ ಆಡುವವರೂ ಯಗಾರಿನೊಳಗೆ ಈ ಮಾತುಗಳನ್ನೇ ಬಳಸುತ್ತಾರೆ.

2024ರ ಡಿಸೆಂಬರಿನಲ್ಲಿ ಯುನೆಸ್ಕೋ ಅಸ್ತೂರಿಯಾಸಿನ ಸಿದ್ರಾ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೀಮೆಯೆಲ್ಲ ಸಂಭ್ರಮಿಸಿತು. ಆದರೆ ಆ ಸಂಸ್ಕೃತಿಗೆ ಹೆಸರುಗಳನ್ನು ಕೊಟ್ಟ ಭಾಷೆಗೆ ತನ್ನ ನೆಲದಲ್ಲಿ ಇನ್ನೂ ಅಧಿಕೃತ ಸ್ಥಾನವಿಲ್ಲ. 1981ರ ಸ್ವಾಯತ್ತ ಶಾಸನವೂ 1998ರ ಕಾನೂನೂ ಅದಕ್ಕೆ ರಕ್ಷಣೆಯ ಭರವಸೆ ಕೊಟ್ಟಿವೆ. ಬಾಸ್ಕ್, ಕತಲಾನ್, ಗಲಿಸಿಯನ್ ಭಾಷೆಗಳಿಗೆ ದೊರೆತ ಮಾನ್ಯತೆ ಮಾತ್ರ ದೊರೆತಿಲ್ಲ. ಗಡಿಯಾಚೆ ಪೋರ್ಚುಗಲ್ಲಿನ ಮಿರಾಂದಾ ಪ್ರದೇಶದಲ್ಲಿ ಇದರ ಸೋದರಭಾಷೆ ಮಿರಾಂದೀಸ್ ಕೆಲವೇ ಸಾವಿರ ಜನರ ಮಾತು; ಅದಕ್ಕೆ 1999ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತು. ಗಡಿರೇಖೆಯ ಯಾವ ಬದಿಯಲ್ಲಿ ಉಳಿದೆವೆಂಬುದರ ಮೇಲೆ ಒಂದು ನುಡಿಯ ಹಣೆಬರಹ ನಿಲ್ಲುವುದುಂಟು.

ಶಾಲೆಗಳಲ್ಲಿ 1984ರಿಂದ ಅಸ್ತೂರಿಯನ್ ಐಚ್ಛಿಕ ವಿಷಯವಾಗಿದೆ. ಮಗು ಅದನ್ನು ಕಲಿಯಬೇಕೇ ಬೇಡವೇ ಎಂಬ ತೀರ್ಮಾನ ಮನೆಯವರದು. ಉದ್ಯೋಗಕ್ಕೆ ಉಪಯೋಗವೇನೆಂದು ಕೇಳುವ ತಂದೆತಾಯಿಗಳು ಅಲ್ಲಿಯೂ ಇದ್ದಾರೆ. ಅಜ್ಜಿಯೊಡನೆ ಮಾತಾಡಲು ಬೇಕೆನ್ನುವವರೂ ಇದ್ದಾರೆ.

ಶರತ್ಕಾಲದಲ್ಲಿ ‘ಅಮಾಗುಯೆಸ್ತು’ ಎಂಬ ಹಬ್ಬ ಬರುತ್ತದೆ. ಬೆಂಕಿಯಲ್ಲಿ ಚೆಸ್ಟ್‌ನಟ್ ಸುಟ್ಟು, ಗಾಣದಿಂದ ಆಗತಾನೆ ಇಳಿದ, ಇನ್ನೂ ಹುಳಿಯದ ಸಿಹಿ ಸೇಬಿನ ರಸದೊಡನೆ ತಿನ್ನುವ ಹಬ್ಬವಿದು. ಇದು ಮಕ್ಕಳಿಗೂ ಸಲ್ಲುವ ಪಾನೀಯ. ಶಾಲೆಯ ಅಂಗಳಗಳಲ್ಲೂ ಹಬ್ಬ ನಡೆಯುತ್ತದೆ. ಕೈಗೆ ಮಸಿ ಮೆತ್ತಿಕೊಂಡ ಮಕ್ಕಳ ಬಾಯಲ್ಲಿ ಹಬ್ಬದ ಹೆಸರು ಅಸ್ತೂರಿಯನ್ನಿನಲ್ಲೇ ಹೊರಡುತ್ತದೆ. ಪಟ್ಟಿಗೂ ಕಾನೂನಿಗೂ ಕಾಯದೆ ಹಿರಿಯರು ಆ ಒಂದು ಮಾತನ್ನು ಸುಟ್ಟ ಕಾಯಿಯೊಡನೆ ಅವರ ಕೈಗೆ ದಾಟಿಸಿರುತ್ತಾರೆ.